ಕರುವಿನ ಪಾಲಿನ ಗಿಣ್ಣು

ಮೊನ್ನೆ ಸೊಸೆ ಒಲೆಯ ಮೇಲೆ ಗಿಣ್ಣು ಬೇಯಿಸುತ್ತಿದ್ದಳು. ಈಗಷ್ಟೇ ಕರು ಹಾಕಿದ ಹಸುವಿನ ಗಟ್ಟಿ ಹಾಲು, ಬೆಲ್ಲ, ಏಲಕ್ಕಿ... ವಾಸನೆ ಜಗಲಿಯವರೆಗೂ ಬಂತು. ಮನೆಯವರಿಗೆಲ್ಲ ಬಾಯಲ್ಲಿ ನೀರು. ನನಗೆ ಮಾತ್ರ ತಿನ್ನಲು ಮನಸ್ಸಾಗಲಿಲ್ಲ. ಇಷ್ಟು ವರ್ಷವಾದರೂ ಹಾಗೇ ಆಗುತ್ತದೆ. ಪಕ್ಕದ ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿದ್ದ ಹೆಂಗಸು ಕಣ್ಣ ಮುಂದೆ ಬಂದು ನಿಲ್ಲುತ್ತಾಳೆ.

ತೊಂಬತ್ತರ ದಶಕದ ಮಾತು. ಕುಂದೂರು ಕಡೆಯ ನಮ್ಮೂರಿಗೆ ಆಗಷ್ಟೇ ಹಾಲಿನ ಡೇರಿ ಬಂದಿತ್ತು. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ದನದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಟ್ಟಿಗೆಗೆ ನಾನೇ ಕಲ್ಲು ಹಾಸಿ, ಗಂಜಲ ಒಂದು ಹನಿಯೂ ನಿಲ್ಲದ ಹಾಗೆ ಇಳಿಜಾರು ಕೊಟ್ಟಿದ್ದೆ. ದಿನಾ ಒಣ ತರಗು ಹಾಸುತ್ತಿದ್ದೆ. ಹಿಂಡಿ, ಬೂಸಾ ಒಂದು ಹೊತ್ತೂ ತಪ್ಪಿಸಿದವನಲ್ಲ. ನನ್ನ ಸೀಮೆ ಹಸುವಿನ ಮೈಹೊಳಪು ನೋಡಲು ಪಾಳ್ಯದಿಂದಲೂ ಜನ ಬಂದದ್ದುಂಟು.

ಆದರೂ ಅದರ ಎರಡು ಕರುಗಳು ಸತ್ತವು. ಹುಟ್ಟುವಾಗ ಚೆನ್ನಾಗಿಯೇ ಇದ್ದವು. ನಾಲ್ಕೈದು ದಿನಕ್ಕೆ ಭೇದಿ ಹತ್ತಿ, ಕಣ್ಣು ಗುಳಿಬಿದ್ದು... ಯಾರದೋ ದೃಷ್ಟಿ ತಗುಲಿದೆ ಎಂದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಹಳೇ ಚಪ್ಪಲಿ ಕಟ್ಟಿದೆ. ಆ ದೃಷ್ಟಿ ಲೈನಿನವಳದೇ ಎಂದು ಡೇರಿಯ ಮುಂದೆ ಆಡಿಯೂ ಬಿಟ್ಟೆ. ಅವಳು ಎಸ್ಟೇಟಿನ ಹಸುಗಳನ್ನು ನೋಡಿಕೊಳ್ಳುತ್ತಿದ್ದವಳು. ಹುಲ್ಲಿನ ಹೊರೆ ಹೊತ್ತು ದಿನಾ ನಮ್ಮ ಅಂಗಳದ ಬದಿಯಲ್ಲೇ ಹೋಗುತ್ತಿದ್ದಳು. ಅವತ್ತು ಡೇರಿಗೆ ಹಾಲು ತಂದಿದ್ದವಳು ನಾನಂದದ್ದನ್ನು ಕೇಳಿಸಿಕೊಂಡಳು. ಕ್ಯಾನು ಎತ್ತಿಕೊಂಡು ಹೋದಳು.

ಮೂರನೆಯದು ಹೆಣ್ಣುಗರು. ಬೆಳಿಗ್ಗೆ ಹುಟ್ಟಿತು. ಕರುವಿನ ಹಿಂದೆ ಮಾಸು, ಅಂದರೆ ಗರ್ಭದ ಚೀಲ, ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದು ಎಂಬುದು ನಮ್ಮಲ್ಲಿ ಪದ್ಧತಿ. ಬಿಟ್ಟರೆ ಮಾಸು ಒಳಗೇ ನಿಲ್ಲುತ್ತದೆ, ಗಿಣ್ಣು ಕುಡಿದ ಕರುವಿಗೆ ಭೇದಿಯಾಗುತ್ತದೆ ಎನ್ನುತ್ತಿದ್ದರು. ಹಾಗಾಗಿ ಪ್ರತಿ ಸಲವೂ ಕರುವನ್ನು ದೂರದ ಕಂಬಕ್ಕೆ ಕಟ್ಟಿ, ಬೆಲ್ಲದ ನೀರು ಕುಡಿಸಿ, ಗಿಣ್ಣು ಕರೆದು ಮನೆಮನೆಗೆ ಹಂಚುತ್ತಿದ್ದೆ. ಹಂಚುವುದರಲ್ಲೂ ನನಗೊಂದು ಹೆಮ್ಮೆ. ಅವತ್ತು ಮಧ್ಯಾಹ್ನವಾದರೂ ಮಾಸು ಬಿದ್ದಿರಲಿಲ್ಲ. ಕರು ಕೂಗಿ ಕೂಗಿ ಕತ್ತು ಚೆಲ್ಲಿತ್ತು.

ದಾರಿಯಲ್ಲಿ ಹೋಗುತ್ತಿದ್ದ ಅವಳು ನಿಂತಳು. ಹೊರೆ ಎಸೆದು, ಒಂದು ಮಾತೂ ಕೇಳದೆ ಕೊಟ್ಟಿಗೆಗೆ ನುಗ್ಗಿ ಕರುವಿನ ಹಗ್ಗ ಬಿಚ್ಚಿದಳು.

“ಏಯ್, ಬುಡು ಹಗ್ಗಾನ! ಲೈನಿಂದ ಬಂದು ನಂಗೇ ದನ ಸಾಕೋದು ಹೇಳ್ಕೊಡ್ತೀಯಾ?” ಎಂದು ಅಡ್ಡ ನಿಂತೆ.

“ಕೊಟ್ಗೆ ನಿಮ್ದು ಗೌಡ್ರೆ, ಹಾಲು ಇದರದು. ಊರೋರ್ಗೆಲ್ಲ ಗಿಣ್ಣು ತಿನ್ಸಿ, ಇದ್ಕೆ ಬೆಲ್ಲದ ನೀರು ಕುಡ್ಸಿದ್ರೆ ಬದುಕ್ತೈತಾ?”

“ಎರಡು ಕರು ತಿಂದಿದ್ದು ಸಾಲ್ದಾ ನಿಂಗೆ?” ಬಾಯಿಂದ ಬಂದೇ ಬಿಟ್ಟಿತು.

ಅವಳು ನನ್ನ ಮುಖ ನೋಡಿದಳು. ದನಿ ಏರಿಸಲಿಲ್ಲ.

“ನನ್ ಮೊದಲ್ನೇ ಮಗೀಗೂ ಹಿಂಗೇ ಮಾಡಿದ್ರು ಕಣ್ರೀ. ಮೊದಲ್ನೇ ಹಾಲು ಕೆಟ್ಟದ್ದು, ಮೂರು ದಿನ ಕೊಡ್ಬ್ಯಾಡ ಅಂದ್ರು. ಎದೆ ಹಿಂಡಿ ಹಿಂಡಿ ನೆಲಕ್ಕೆ ಚೆಲ್ದೆ. ಮಗು ಅಳ್ತಾನೇ ಇತ್ತು... ಆಮೇಲೆ ಅಳ್ಲಿಲ್ಲ. ಪಕ್ಕಕ್ಕೆ ಸರೀರಿ ಗೌಡ್ರೆ.”

ನಾನು ಸರಿಯಬೇಕೆಂದುಕೊಳ್ಳುವ ಮೊದಲೇ ಕಾಲು ಸರಿದಿತ್ತು.

ಅವಳು ಕರುವಿನ ಬಾಯಿಗೆ ತೊಟ್ಟು ಇಟ್ಟಳು. ಒಂದೆರಡು ಸಲ ಜಾರಿತು, ಆಮೇಲೆ ಕಚ್ಚಿಕೊಂಡಿತು. ಬಾಲ ಅಲ್ಲಾಡತೊಡಗಿತು. ಬಿಸಿಲು ಇಳಿಯುವ ಮೊದಲೇ ಮಾಸು ತಾನಾಗಿ ಬಿತ್ತು. ನಾನು ಹಾಸುಗಲ್ಲಿನ ಮೇಲೆ ಕೂತೆ. ಹಾಗಾದರೆ ಆ ಎರಡು ಕರುಗಳು... ಯಾರ ದೃಷ್ಟಿಯೂ ಅಲ್ಲ, ನನ್ನ ಕೈ. ಅವುಗಳ ಬಾಯಿಂದ ಕಿತ್ತು ಊರಿಗೆಲ್ಲ ಹಂಚಿ ಬೀಗಿದವನು ನಾನೇ.

ಕರು ಉಳಿಯಿತು. ಡೇರಿಯಲ್ಲಿ ಗೆಳೆಯನೊಬ್ಬ, “ಏನ್ ಮಾರಾಯ, ಈ ಸಲ ಕರು ಉಳ್ಕಂಡ್ಬುಡ್ತು?” ಎಂದ. ಅವಳು ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದಳು. ಆಗಲಾದರೂ ಹೇಳಬಹುದಿತ್ತು. “ಚಪ್ಲಿ ಕಟ್ಟಿದ್ದು ಕೆಲ್ಸ ಮಾಡ್ತು ಕಣೋ” ಎಂದುಬಿಟ್ಟೆ.

“ಒಳ್ಳೇ ಚಪ್ಲಿ ಗೌಡ್ರೆ. ಜ್ವಾಪಾನ ಮಾಡ್ಕಳಿ,” ಎಂದು ಅವಳು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇವತ್ತಲ್ಲ ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು. ಎಸ್ಟೇಟು ಕೈ ಬದಲಾಯಿತು. ಒಂದು ವಾರದ ಮಟ್ಟಿಗೆ ಸಕಲೇಶಪುರದ ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಲೈನು ಖಾಲಿ. ಎತ್ತ ಹೋದರೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೂ ತಿಳಿದಿರಲಿಲ್ಲ.

ಮೊನ್ನೆ ಸೊಸೆ ಕೇಳಿದಳು, “ಮಾಸಿಗೆ ಕಾಯಬೇಡಿ, ಮೊದ್ಲು ಕರು ಕುಡೀಲಿ ಅಂತೀರಲ್ಲ ಮಾವ, ಯಾರು ಕಲ್ಸಿದ್ದು ನಿಮ್ಗೆ?”

ಇದೇ ಮೊದಲ ಸಲ ಬಾಯಿ ಬಿಟ್ಟು ಎಲ್ಲ ಹೇಳಿದೆ. ಅವಳು ಕಣ್ಣು ಒರೆಸಿಕೊಂಡು, “ಹೆಸ್ರೇನು ಅವ್ರದ್ದು?” ಎಂದಳು.

ಆ ಹಸುವಿನ ಹೆಸರು, ಅದರ ಕರುವಿನ ಹೆಸರು, ಆ ಕರು ಹಾಕಿದ ಕರುಗಳ ಹೆಸರು... ಎಲ್ಲವನ್ನೂ ನಾನು ಇವತ್ತಿಗೂ ಹೇಳಬಲ್ಲೆ. ಅವಳ ಹೆಸರನ್ನು ಒಂದು ದಿನವೂ ಕೇಳಿರಲಿಲ್ಲ.