ತಂಗಿಯ ಮಗುವನ್ನು ಹೊತ್ತ ಕಾಜಾ ಅಕ್ಕ

ನಮ್ಮ ಹೊಲಿಗೆ ಕೋಣೆಯಲ್ಲಿ ಗುಟ್ಟು ಅನ್ನುವುದು ಊಟದ ಬಿಡುವಿನವರೆಗೂ ಬಾಳುವುದಿಲ್ಲ. ಕಾಜಾ ಅಕ್ಕ ಅಷ್ಟು ಹೊತ್ತೂ ಕಾಯಲಿಲ್ಲ. ಬಂದವಳೇ ಚೀಲ ಮೂಲೆಗೆಸೆದು, ಅಷ್ಟೂ ಮಿಷಿನ್ನುಗಳ ಸದ್ದನ್ನು ಮೀರಿಸಿ ಕೂಗಿದಳು: "ಕೇಳ್ರೇ ಎಲ್ರೂ! ನಾನು ಬಸುರಿ! ಆದ್ರೆ ಮಗು ನಂದಲ್ಲ, ನನ್ನ ತಂಗೀದು!"

ಮಿಷಿನ್ನುಗಳು ಒಂದೊಂದಾಗಿ ನಿಂತವು. ಪಕ್ಕದಲ್ಲೇ ಕಾಲರ್ ಹೊಲಿಯುತ್ತಿದ್ದ ನಾನು ಸೂಜಿಯನ್ನು ಬೆರಳಿಗೇ ಇಳಿಸಿಕೊಳ್ಳುವುದರಲ್ಲಿದ್ದೆ.

ಮಹಡಿಯ ಮೇಲಿನ ಉದ್ದನೆಯ ಕೋಣೆ ನಮ್ಮದು. ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತೇವೆ. ಗುಂಡಿ ತೂರುವ ಸೀಳಿಗೆ, ಅಂದರೆ ಕಾಜಾಕ್ಕೆ, ಅಂಚು ಕಟ್ಟುವುದು ಅಕ್ಕನ ಕೆಲಸ. ಅದಕ್ಕೇ ಆ ಹೆಸರು. ಅವಳು ಕಾಜಾ ಹಾಕಿದ ಅಂಗಿಗಳಿಗೆ ಗುಂಡಿ ಹಚ್ಚುವ ಮುದುಕಿ ಗುಂಡಿ ಅಜ್ಜಿ. ದಿನಕ್ಕೊಂದು ಜಗಳ ಆಡದಿದ್ದರೆ ಈ ಇಬ್ಬರಿಗೂ ಉಂಡದ್ದು ಅರಗುವುದಿಲ್ಲ.

"ತಂಗೀದು ಅಂದ್ರೇನೇ?" ಅಜ್ಜಿ ಕನ್ನಡಕವನ್ನು ಹಣೆಗೇರಿಸಿದಳು. "ತಂಗಿ ಗಂಡನ ಜೊತೆ... ಥೂ, ಬಾಯಲ್ಲಿ ಹೇಳಕ್ಕೂ ನಾಚಿಕೆ!"

"ಹಾಗಾದ್ರೆ ಹೇಳ್ಬೇಡ! ತಂಗಿಯ ಅಂಡಾಣು, ಅವಳ ಗಂಡನ ವೀರ್ಯಾಣು. ಡಾಕ್ಟ್ರು ಎರಡನ್ನೂ ಲ್ಯಾಬಿನಲ್ಲಿ ಸೇರಿಸಿ ನನ್ನ ಗರ್ಭಕೋಶದಲ್ಲಿ ಇಟ್ರು. ಆ ಪುಣ್ಯಾತ್ಮ ಹೊರಗಡೆ ಬೆಂಚಿನ ಮೇಲೆ ಕೂತು ಉಗುರು ಕಚ್ತಿದ್ದ."

"ತಾನೇ ಹೆರೋಕೆ ಅವಳಿಗೇನಮ್ಮಾ ಧಾಡಿ? ಮೈ ಕೆಡತ್ತೆ ಅಂತಾನಾ?" ಬಟ್ಟೆ ಕತ್ತರಿಸುವ ಮಾಸ್ಟರು ಮೂಗು ತೂರಿಸಿದರು.

ಅಕ್ಕನ ನಗು ಅಲ್ಲಿಗೇ ನಿಂತಿತು. "ಮಾಸ್ಟ್ರೇ, ರಕ್ತ ನಿಲ್ಲದೆ ಅವಳ ಗರ್ಭಕೋಶಾನೇ ತೆಗೆದ್ರು. ಜೀವ ಉಳಿದಿದ್ದೇ ಹೆಚ್ಚು. ಇನ್ನೊಂದು ಸಲ ಹಾಗಂದ್ರೆ ನಿಮ್ಮ ಕತ್ತರಿ ನಿಮ್ಮ ಕೈಗೆ ಸಿಗಲ್ಲ, ನೋಡ್ಕೊಳ್ಳಿ."

ಮಾಸ್ಟರು ನಾಲಿಗೆ ಕಚ್ಚಿಕೊಂಡರು. ನನಗಾದರೂ ಬುದ್ಧಿ ಬೇಡವೇ? "ಮತ್ತೆ ದುಡ್ಡಿಗೇನಕ್ಕಾ?" ಎಂದೆ.

"ಹೂಂ ಕಣೆ. ಚಿಕ್ಕವಳಿದ್ದಾಗ ಅವಳನ್ನ ಸೊಂಟದ ಮೇಲೆ ಹೊತ್ತು ತಿರುಗಿದ್ದಕ್ಕೂ ಸೇರಿಸಿ ಬಿಲ್ ಕಳಿಸ್ತೀನಿ!"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲಿನ ದಿನಗಳ ಸಡಗರ ಕೇಳಬೇಡಿ! ಅಕ್ಕನ ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು ಮೊದಲೇ ಒಪ್ಪಿದ್ದರು. ಇಲ್ಲಿ ನಾವು ಅವಳನ್ನು ಒಂದು ಗಂಟೂ ಎತ್ತಲು ಬಿಡುತ್ತಿರಲಿಲ್ಲ. ಆದರೆ ತಂಗಿ ಮಾತ್ರ ಸ್ಕ್ಯಾನಿಂಗಿಗೂ ಬರುವುದನ್ನು ನಿಲ್ಲಿಸಿದ್ದಳು. ಬಸ್ ಸ್ಟಾಪಿನಲ್ಲಿ ಅಕ್ಕ ನನ್ನ ಬಳಿ ಮನಸ್ಸು ಬಿಚ್ಚಿದಳು. "ಒಂದೇ ಹಟ ಅವಳದು. 'ಹೊತ್ತವಳು ನೀನು, ಮಗು ನಿನ್ನನ್ನೇ ಹುಡುಕತ್ತೆ, ನನ್ನ ಹತ್ರ ಬರಲ್ಲ' ಅಂತಾಳೆ. ನಾನು ಹೆತ್ತೂ ಅವಳು ತಾಯಿ ಆಗದಿದ್ರೆ ಏನು ಬಂತು ಹೇಳು?" ಅವಳ ಕಣ್ಣಲ್ಲಿ ನಾನು ನೀರು ಕಂಡದ್ದು ಅದೇ ಮೊದಲು.

ಅಂಥ ಹೊತ್ತಿನಲ್ಲಿ ನಾವು ಮಾಡಿದ ಘನಂದಾರಿ ಕೆಲಸ ಕೇಳಿ. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ನಂಬರ್. ಹೊಲಿದ ಅಂಗಿಯ ಕಾಲರ್ ಒಳಗೆ ಕೆಂಪು ದಾರದಲ್ಲಿ ಅದನ್ನು ಹಾಕಬೇಕು, ತಪ್ಪು ಸಿಕ್ಕರೆ ಯಾರದೆಂದು ಗೊತ್ತಾಗಲು. ಇಲ್ಲಿ ಯಾರೇ ಬಸುರಿಯಾದರೂ ಉಳಿದ ಬಟ್ಟೆಯಲ್ಲಿ ಪುಟ್ಟ ಅಂಗಿಗಳನ್ನು ಹೊಲಿದು, ತಾಯಿಯ ನಂಬರ್ ಹಾಕಿ ಕೊಡುವುದು ವಾಡಿಕೆ. ಅಕ್ಕ ಹೆರಿಗೆ ರಜೆಗೆ ಹೋಗುವ ದಿನ ನಾವೂ ಮುದ್ದು ಸುರಿಯುವಂಥ ಒಂದು ರಾಶಿ ಅಂಗಿ ಹೊಲಿದಿಟ್ಟೆವು. ಎಲ್ಲದರೊಳಗೂ ಕೆಂಪಗೆ ಹದಿನೇಳು. ಅದು ಅಕ್ಕನ ನಂಬರ್.

ಅವತ್ತು ಅಕ್ಕ ತಂಗಿಯನ್ನು ಕಾಡಿ ಬೇಡಿ ಕರೆತಂದಿದ್ದಳು. ಗುಂಡಿ ಅಜ್ಜಿ ಸಂಭ್ರಮದಿಂದ ಆ ಅಂಗಿಗಳನ್ನು ತಂಗಿಯ ಮಡಿಲಿಗೇ ಹಾಕಿ, "ನೋಡಮ್ಮಾ, ಪ್ರತಿಯೊಂದರಲ್ಲೂ ತಾಯಿ ನಂಬರ್ ಹಾಕಿದೀವಿ, ನಿಮ್ಮಕ್ಕಂದು!" ಎಂದಳು.

ತಂಗಿಯ ಮುಖ ಬಿಳಿಚಿಕೊಂಡಿತು. ಅಂಗಿಗಳನ್ನು ಮೇಜಿನ ಮೇಲಿಟ್ಟು ಸರಸರ ಮೆಟ್ಟಿಲಿಳಿದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ಬಾಗಿಲವರೆಗೆ ಹೋದಳು, ಮೆಟ್ಟಿಲಿಳಿಯಲು ಆಗಲಿಲ್ಲ, ಹಿಂದಕ್ಕೆ ತಿರುಗಿ ನಮ್ಮ ಮೇಲೆ ಹರಿಹಾಯ್ದಳು.

"ಬಿಚ್ರೇ ನನ್ನ ನಂಬರ್ನ! ಮಾಸ್ಟ್ರು ಕತ್ತರಿಸಿದ ಬಟ್ಟೆಗೆ ದಿನಾ ಕಾಜಾ ಹಾಕ್ತೀನಿ, ಒಂದು ಅಂಗೀನಾದ್ರೂ ನಂದು ಅಂತ ಮನೆಗೆ ಹೊತ್ಕೊಂಡು ಹೋಗಿದೀನಾ? ಅವಳ ಮಗುನ ಮಾತ್ರ ಯಾಕ್ರೇ ನನ್ನ ತಲೆಗೆ ಕಟ್ತೀರ?"

ಕೂತು ಬಿಚ್ಚಿದೆವು. ಎಲ್ಲರಿಗಿಂತ ಮೊದಲು ಬಿಚ್ಚಲು ಕೂತವಳು ಗುಂಡಿ ಅಜ್ಜಿ, ಮೂಗು ಸೊರಸೊರ ಎಳೆಯುತ್ತಾ. ಕೊನೆಗೆ ಮಾಸ್ಟರು, "ಆ ಹುಡುಗಿಗೂ ಒಂದು ನಂಬರ್ ಕೊಟ್ರಾಯ್ತು" ಎಂದು ಯಾರಿಗೂ ಇಲ್ಲದ ನಂಬರ್ ಒಂದನ್ನು ತಂಗಿಯ ಹೆಸರಿಗೆ ಬರೆಸಿದರು. ಹೊಸ ನಂಬರ್ ಹಾಕಿದ ಅಂಗಿಗಳನ್ನು ಹೊತ್ತು ಅಜ್ಜಿ, ನಾನು ಅವಳ ಮನೆ ಬಾಗಿಲು ತಟ್ಟಿದೆವು.

ತಂಗಿ ಕಾಲರುಗಳ ಮೇಲೆ ಬೆರಳಾಡಿಸಿದಳು. "ಅಂಗೀದೇನು ಅಜ್ಜಿ, ಬಿಚ್ಚಿ ಹಾಕಬಹುದು. ಮಗು ಮನಸ್ಸು?" ಎಂದಳು. ಆದರೂ ಹೆರಿಗೆಗೆ ಬರುತ್ತೇನೆಂದು ಮಾತು ಕೊಟ್ಟಳು.

ಮಾತಿನಂತೆ ಬಂದಳು ಕೂಡ. ನಾವೆಲ್ಲ ಆಸ್ಪತ್ರೆಯ ವರಾಂಡದಲ್ಲಿ ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿದ್ದಾಗ, ತಂಗಿಯ ಗಂಡ ಬಾಗಿಲು ತಳ್ಳಿಕೊಂಡು ಬಂದು "ಹೆಣ್ಣು!" ಎಂದು ಕಿರುಚಿ, ಸಿಕ್ಕಿದ ಮಾಸ್ಟರನ್ನೇ ತಬ್ಬಿಕೊಂಡ. ಮಗು ಹೋಗಿದ್ದು ಸೀದಾ ತಂಗಿಯ ಎದೆಗೆ. ನಾವು ಅಕ್ಕನನ್ನು ಸಂತೈಸಲು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರೆ, ಅವಳು, "ಹಸಿವಾಗಿ ಸಾಯ್ತಿದೀನಿ, ತಿನ್ನೋಕೆ ಏನಾದ್ರೂ ತಂದ್ರೇನ್ರೇ?" ಎಂದಳು.

ನೋವೇ ಇರಲಿಲ್ಲ ಎಂದರೆ ಸುಳ್ಳಾದೀತು. ಹಾಲು ಕಟ್ಟಿ ನಾಲ್ಕು ದಿನ ನರಳಿದಳು. "ಎದೆ ಭಾರ ಆಗಿದೆ ಕಣೆ. ಆದ್ರೆ ಅದು ಹಾಲಿನ ಭಾರ, ದುಃಖದ್ದಲ್ಲ" ಎಂದು ನನಗೆ ಹೇಳಿದಳು. ನಾನು ನಂಬಿದೆ. ಗುಂಡಿ ಅಜ್ಜಿ ನಂಬಲಿಲ್ಲ. ಅಕ್ಕ ಕೆಲಸಕ್ಕೆ ಮರಳಿದ ಮೇಲೂ, "ಒಳಗೊಳಗೇ ಕೊರಗ್ತಿದಾಳೆ, ಮಗು ನೋಡಕ್ಕೂ ಹೋಗಲ್ಲ" ಎಂದು ಪಿಸುಗುಟ್ಟುತ್ತಲೇ ಇದ್ದಳು. ಹೋಗದಿದ್ದುದು ನಿಜ. ತಂಗಿ, ಮಗು ಒಬ್ಬರಿಗೊಬ್ಬರು ಹೊಂದಿಕೊಳ್ಳಲಿ ಎಂದು ಬೇಕೆಂದೇ ದೂರ ಇದ್ದಳು.

ಕೆಲವು ತಿಂಗಳ ನಂತರ ತಂಗಿ ತಾನಾಗಿಯೇ ಮಗುವನ್ನೆತ್ತಿಕೊಂಡು ನಮ್ಮ ಮೆಟ್ಟಿಲು ಹತ್ತಿದಳು. ಮಿಷಿನ್ನುಗಳೆಲ್ಲ ಬಂದ್! ನಾಮುಂದು ತಾಮುಂದು ಎಂದು ಮುತ್ತಿಕೊಂಡೆವು. ತಂಗಿ ಯಾರ ಕಡೆಗೂ ನೋಡದೆ ಮಗುವನ್ನು ಅಕ್ಕನಿಗೆ ಕೊಟ್ಟಳು. ಪರೀಕ್ಷೆಗೆ ಬಂದವಳ ಹಾಗೆ ನಿಂತಿದ್ದಳು.

ಮಗು ಅಕ್ಕನ ಮುಖವನ್ನು ನೆಟ್ಟ ನೋಟದಿಂದ ನೋಡಿತು. ತುಟಿ ಸೊಟ್ಟಗಾಯಿತು, ಗಲ್ಲ ನಡುಗಿತು, ಮಹಡಿ ಹಾರಿಹೋಗುವ ಹಾಗೆ ಚೀರಿತು. ಅಕ್ಕ ತೂಗಿದಳು, ಲೊಚಗುಟ್ಟಿದಳು. ಏನೂ ನಡೆಯಲಿಲ್ಲ. ಮಗು ಮೈಯೆಲ್ಲ ತಿರುಚಿ, ಎರಡೂ ಕೈ ಚಾಚಿ ತಂಗಿಯ ಕಡೆಗೆ ವಾಲಿತು.

"ಯಾಕೆ ಕಂದಾ?" ಎಂದು ತಂಗಿ ಎತ್ತಿಕೊಂಡಳು. ಅಳು ಟಕ್ಕೆಂದು ನಿಂತಿತು.

ಕೋಣೆಯಲ್ಲಿ ಎಲ್ಲರೂ ಅಕ್ಕನ ಮುಖ ನೋಡಲಾರದೆ ತಲೆತಗ್ಗಿಸಿದೆವು. ಅಕ್ಕ ಮಾತ್ರ ಕತ್ತರಿಸುವ ಮೇಜಿಗೆ ಎರಡೂ ಕೈಯಿಂದ ಬಡಿದಳು.

"ನೋಡಿದೇನೇ ತಂಗೀ? ನೋಡಿದ್ಯಾ?" ಎಂದು ಕುಣಿದಾಡಿಬಿಟ್ಟಳು. "ನಾನು ಬೇಡ್ವಂತೆ ಅದಕ್ಕೆ!"