ರಾಷ್ಟ್ರ ಒಪ್ಪಿದ ಪದವಿ

ಮುಂಬಯಿಯಲ್ಲಿ ಹೊಸ ಪರಿಚಯವೆಂದರೆ ಎರಡೇ ಪ್ರಶ್ನೆ: ಯಾವ ಸ್ಟೇಷನ್ನು, ಯಾವ ಕಾಲೇಜು? ಮೊದಲನೆಯದಕ್ಕೆ ನಾನು ಧೈರ್ಯವಾಗಿ ಅಂಧೇರಿ ಎಂದುಬಿಡುತ್ತೇನೆ. ಎರಡನೆಯದು ಬಂದಾಗ ಲೋಕಲ್‌ನ ಕಿಟಕಿಯಾಚೆ ನೋಡತೊಡಗುತ್ತೇನೆ.

ನಾನು ಓದಿದ್ದು ಧಾರವಾಡದ ಕಡೆಯ ಒಂದು ರಾಷ್ಟ್ರೀಯ ಕಾಲೇಜಿನಲ್ಲಿ. ಪರಕೀಯರ ಶಿಕ್ಷಣ ಬೇಡವೆಂದು ಚಳವಳಿಯ ಕಾಲದಲ್ಲಿ ಹಿರಿಯರು ಕಟ್ಟಿದ್ದು. ಬೆಳಿಗ್ಗೆ ನೂಲು, ಮಧ್ಯಾಹ್ನ ತರ್ಕಶಾಸ್ತ್ರ. ಎರಡೂ ಆಗಾಗ ಕಡಿಯುತ್ತಿದ್ದವು. ಪದವಿಯನ್ನು ಖಾದಿ ಬಟ್ಟೆಯ ಮೇಲೆ ಅಚ್ಚುಹಾಕಿ ಕೊಟ್ಟರು. ನಮ್ಮವ್ವ ಅದನ್ನು ಒಮ್ಮೆ ಉಳಿದ ಅರಿವೆಗಳ ಜೊತೆ ಒಗೆದು ಒಣಹಾಕಿದ್ದಳು. ಒಂದಕ್ಷರವೂ ಅಳಿಸಿಹೋಗಲಿಲ್ಲ. ಬೇರೆ ಯಾವ ಪದವಿ ಈ ಪರೀಕ್ಷೆಯಲ್ಲಿ ಪಾಸಾದೀತು, ನೀವೇ ಹೇಳಿ.

ನಮ್ಮ ಪ್ರಿನ್ಸಿಪಾಲರು ದೇಸಾಯಿ ಮಾಸ್ತರು. ಅವರದು ಮಾತ್ರ ವಿಶ್ವವಿದ್ಯಾಲಯದ ಎಂ.ಎ. ಆದರೆ ವಿದೇಶಿ ಬಟ್ಟೆಯ ಹೋಳಿಯಲ್ಲಿ ಆ ಕಾಗದವನ್ನೂ ಎಸೆದು, ಅಂದಿನಿಂದ ಹೆಸರಿನ ಮುಂದೆ ಆ ಎರಡಕ್ಷರ ಬರೆದವರಲ್ಲ. ಯಾರೋ ಅಭಿಮಾನದಿಂದ ಲಗ್ನಪತ್ರಿಕೆಯಲ್ಲಿ ಅಚ್ಚುಹಾಕಿಸಿದ್ದಕ್ಕೆ ಲಗ್ನಕ್ಕೇ ಹೋಗಲಿಲ್ಲ. ಅದು ಸ್ವಂತ ಸೋದರಳಿಯನ ಲಗ್ನ.

ಸ್ವರಾಜ್ಯ ಬಂತು. ನಾನು ಮುಂಬಯಿಗೆ ಬಂದು ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಗುಮಾಸ್ತನಾದೆ. ಆದರೆ ಪಾಠ ಹೇಳುವ ಹುಚ್ಚು ಬಿಡಲಿಲ್ಲ. ಅದಕ್ಕೆ ಎಂ.ಎ. ಬೇಕು, ಅರ್ಜಿ ಹಾಕಿದೆ. ವಿಶ್ವವಿದ್ಯಾಲಯದ ಮರಾಠಿ ಕಾರಕೂನ ನನ್ನ ಪದವಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಕಪಡಾ ಒಳ್ಳೆಯದಿದೆ ಎಂದ. ಕುಚೋದ್ಯವಲ್ಲ, ಮನಸಾರೆ ಹೇಳಿದ. ಆಮೇಲೆ, ಈ ಕಾಲೇಜು ನಮ್ಮ ಯಾದಿಯಲ್ಲಿಲ್ಲ ಎಂದ. ರಾಷ್ಟ್ರ ಒಪ್ಪಿದ್ದನ್ನು ವಿಶ್ವವಿದ್ಯಾಲಯ ಒಪ್ಪಿರಲಿಲ್ಲ. ಹಿಂದೆ ಗುರುಕುಲಕ್ಕೆ ಸೇರುವವನು ಒಂದು ಹಿಡಿ ಸಮಿತ್ತು ಹಿಡಿದು ಹೋದರೆ ಸಾಕಿತ್ತಂತೆ. ಕಟ್ಟಿಗೆ ಯಾವ ಕಾಡಿನದೆಂದು ಋಷಿಗಳು ವಿಚಾರಿಸಿದ್ದು ನಾನಂತೂ ಓದಿಲ್ಲ.

ಒಂದು ದಾರಿಯಿತ್ತು. ಕಲಿಸಿದವರು ವಿಶ್ವವಿದ್ಯಾಲಯದ ಪದವೀಧರರಾಗಿದ್ದು, ಇವನಿಗೆ ಬಿ.ಎ. ಮಟ್ಟದ ಪಾಠವಾಗಿದೆಯೆಂದು ಬರೆದು, ಸಹಿಯ ಕೆಳಗೆ ತಮ್ಮ ಪದವಿ ನಮೂದಿಸಿದರೆ ಸಮಿತಿ ವಿಚಾರ ಮಾಡೀತು. ಇಲ್ಲವಾದರೆ ಹುಡುಗರ ಜೊತೆ ಕೂತು ಬಿ.ಎ. ಮತ್ತೆ ಕಟ್ಟಬೇಕು.

ಮಾಸ್ತರು ಆಗ ಗೋರೆಗಾಂವಿನಲ್ಲಿ ಮಗಳು ಸುಶೀಲಕ್ಕನ ಮನೆಯಲ್ಲಿದ್ದರು. ಒಂದು ರವಿವಾರ ಹೋದೆ. ಸುಶೀಲಕ್ಕ ಕೊಟ್ಟ ಅವಲಕ್ಕಿ ಮುಗಿಯುವವರೆಗೂ ಮಳೆ, ರೇಶನ್ನು, ಲೋಕಲ್ ಗದ್ದಲ ಎಲ್ಲ ಮಾತಾಡಿದೆ, ವಿಷಯವೊಂದನ್ನು ಬಿಟ್ಟು. ಕಡೆಗೆ ಹೇಳಿದೆ. ಸುಶೀಲಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಬೇಡವೆಂದು ತಲೆಯಾಡಿಸಿದಳು. ನನಗೆ ನಾಚಿಕೆಯಾಯಿತು. ಇಂಥ ಮನುಷ್ಯನಿಂದ ಇದನ್ನು ಬೇಡಲು ಬಂದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಬಿಡ್ರಿ ಮಾಸ್ತರ, ನಾನು ಬಿ.ಎ. ಮತ್ತೆ ಕಟ್ಟುತ್ತೇನೆ ಎಂದು ಎದ್ದೆ.

“ಕೂಡು,” ಎಂದರು. “ಮತ್ತ ಕಟ್ಟತೀ? ಅಂದ್ರ ನಾ ಕಲಿಸಿದ್ದು ಏನಾತು?”

ಪೆನ್ನು ತರಿಸಿ ಬರೆದರು. ಸಹಿ ಮಾಡಿದರು. ಅಲ್ಲಿ ಕೈ ನಿಂತಿತು. ಸುಶೀಲಕ್ಕ ಒಳಗೆ ಹೋಗಿಬಿಟ್ಟಳು. ಆಮೇಲೆ ಅವರು ಆ ಎರಡಕ್ಷರವನ್ನು, ಬಾಲಬೋಧೆ ಕಲಿಯುವವರ ಹಾಗೆ ಸಾವಕಾಶ ಬರೆದು, ಮಸಿಯ ಮೇಲೆ ಊದಿದರು.

“ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲಂತಾರ. ಪದವೀನೂ ಹಂಗ ಕಾಣತದ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನನಗೆ ಪ್ರವೇಶ ಸಿಕ್ಕಿತು, ಎಂ.ಎ.ಯೂ ಆಯಿತು. ವಿದ್ಯೆ ಮುಗಿದ ಮೇಲೆ ಶಿಷ್ಯ ಗುರುದಕ್ಷಿಣೆ ಕೊಡಬೇಕೆಂಬುದು ನಮ್ಮ ರೂಢಿ. ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹುಡುಗರು ಎದ್ದು ನಿಂತು ನಮಸ್ಕಾರ ಮಾಡಿದಾಗಲೆಲ್ಲ ಸ್ವಲ್ಪ ಮುಜುಗರವಾಗುತ್ತದೆ. ನಮ್ಮಿಬ್ಬರ ಲೆಕ್ಕದಲ್ಲಿ ದಕ್ಷಿಣೆ ಕೊಟ್ಟವರು ಮಾಸ್ತರೇ.