ಅರ್ಧಪ್ಪನವರು ಕೇಳಿ ಪಡೆದ ಉಡುಗೊರೆ

ಕಂಪ್ಯೂಟರಿನ ಮೆಮೊರಿ ಚಿಪ್ ತಯಾರಿಸುವ ಉದ್ಯಮದಲ್ಲಿ ಮೂರು ದಶಕಕ್ಕೂ ಮಿಕ್ಕಿ ದುಡಿದು ಕಳೆದ ತಿಂಗಳು ನಿವೃತ್ತರಾದ, ಪರೀಕ್ಷಾ ವಿಭಾಗದ ಮುಖ್ಯಸ್ಥರೂ ಎಲ್ಲರ ಬಾಯಲ್ಲಿ ಅರ್ಧಪ್ಪನವರೂ ಆದ ಹಿರಿಯರು ಈ ಕ್ಷೇತ್ರದಲ್ಲಿ ಯಾವ ಸ್ಥಾನದಲ್ಲಿ ನಿಲ್ಲುತ್ತಾರೆ ಎಂಬುದನ್ನು ಮೊದಲು ಹೇಳಬೇಕು. ಅಭಿನಂದನ ಗ್ರಂಥದ ಪದ್ಧತಿ ಅದು. ಕಂಪನಿಯ ಮುಂಬಾಗಿಲ ಗೋಡೆಯ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಕೂರಿಸಿರುವ ‘ನಮ್ಮ ಬೆಳವಣಿಗೆ’ಯನ್ನು ಓದಿದರೆ ಅವರು ಎಲ್ಲೂ ನಿಲ್ಲುವುದಿಲ್ಲ. ಅಲ್ಲಿ ದೊಡ್ಡ ಯಜಮಾನರ ದೂರದೃಷ್ಟಿ ಇದೆ, ಹಡಗಿನಲ್ಲಿ ಬಂದ ಯಂತ್ರಗಳಿವೆ, ಮೂರು ಕಟ್ಟಡಗಳ ಚಿತ್ರಗಳಿವೆ. ಆ ಮೂರು ಕಟ್ಟಡಗಳಿಗೂ ಹೆಗಲು ಕೊಟ್ಟವರಿಗೆ ಒಂದು ಸಾಲು ಜಾಗವಿಲ್ಲ. ಇರಲಿ. ಹಿತ್ತಾಳೆ ಯಜಮಾನರದು, ಈ ಪುಟ ಅರ್ಧಪ್ಪನವರ ಕೈಕೆಳಗೆ ದುಡಿದ ಅರ್ಧದ ಕೋಣೆಯವರದು.

ಕಂಪನಿ ಹುಟ್ಟಿದ್ದು ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಬಾಡಿಗೆಯ ಎರಡು ಕೋಣೆಯಲ್ಲಿ. ದೊಡ್ಡ ಕಾರ್ಖಾನೆಗಳು ಮಾರುವ ಸಿಲಿಕಾನ್ ಬಿಲ್ಲೆಗಳನ್ನು ತರಿಸಿ, ಉಗುರಿನಗಲದ ಚಿಪ್‌ಗಳಾಗಿ ಕತ್ತರಿಸಿ, ಅವುಗಳಿಗೆ ಲೋಹದ ಕಾಲು ಕೂರಿಸಿ, ಪರೀಕ್ಷಿಸಿ ಮಾರುವುದು ಕಸುಬು. ಅರ್ಧಪ್ಪನವರು ಆಗಷ್ಟೇ ಇಂಜಿನಿಯರಿಂಗ್ ಮುಗಿಸಿ, ಅದೇ ಮೊದಲ ಕೆಲಸವೆಂದು ಆ ಮೆಟ್ಟಿಲು ಹತ್ತಿದವರು. ಯಾರ ಕೈಯೂ ಇನ್ನೂ ಪಳಗಿರಲಿಲ್ಲ. ಕತ್ತರಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪರೀಕ್ಷೆಯ ಮೇಜಿನ ಮೇಲೇ ಪ್ರಾಣ ಬಿಡುತ್ತಿದ್ದವು. ಸತ್ತವನ್ನೆಲ್ಲ ಬಕೆಟ್ಟಿಗೆ ಸುರಿದು ಕಸಕ್ಕೆ ಹಾಕುವುದು. ಆ ಬಕೆಟ್ ನೋಡಿ ನೋಡಿ ದೊಡ್ಡ ಯಜಮಾನರಿಗೆ ಊಟ ಸೇರುತ್ತಿರಲಿಲ್ಲವಂತೆ.

ಬಕೆಟ್ಟಿಗೆ ಕೈ ಹಾಕಿದವರು ಅರ್ಧಪ್ಪನವರು. ಮೆಮೊರಿ ಚಿಪ್ ಎಂದರೆ ಒಳಗೆ ಸಾಲುಸಾಲು ಗೂಡುಗಳಿರುವ ಕಪಾಟಿದ್ದಂತೆ. ನಾಲ್ಕು ಗೂಡು ಕೆಟ್ಟರೆ ಇಡೀ ಕಪಾಟನ್ನು ಎಸೆಯುವುದು ಎಲ್ಲ ಕಡೆಯ ವಾಡಿಕೆ. ಅವರು ಎಸೆದದ್ದನ್ನೆಲ್ಲ ಮತ್ತೆ ಯಂತ್ರಕ್ಕೆ ಕೂರಿಸಿ ನೋಡಿದರು. ಬಹಳಷ್ಟರಲ್ಲಿ ಎಡಗಡೆ ಹೋಗಿದ್ದರೆ ಬಲಗಡೆ ಗಟ್ಟಿ, ಬಲಗಡೆ ಹೋಗಿದ್ದರೆ ಎಡಗಡೆ ಗಟ್ಟಿ.

‘ಅರ್ಧ ಅಂತಲೇ ಹೇಳಿ ಅರ್ಧದ ಬೆಲೆಗೆ ಮಾರೋಣ’ ಎಂದರು.

‘ಅರ್ಧ ಯಾರ್ರೀ ಕೊಳ್ತಾರೆ?’ ಎಂದು ಮಾರಾಟದ ಮುಖ್ಯಸ್ಥರು ಹಣೆ ಚಚ್ಚಿಕೊಂಡರು.

‘ನಿಮ್ಮನೇಲಿ ಕುಂಬಳಕಾಯಿ ಇಡೀದೇ ತರ್ತೀರಾ? ತಂದು ಕೊಳೆಸ್ತೀರಾ?’

ತೂಕದ ಯಂತ್ರ ಮಾಡುವವರು ಕೊಂಡರು, ಆಟಿಕೆಯವರು ಕೊಂಡರು, ಅಂಗಡಿಯ ಬಿಲ್ ಹೊಡೆಯುವ ಯಂತ್ರದವರು ಕೊಂಡರು. ಅವರಿಗೆಲ್ಲ ಬೇಕಾಗಿದ್ದದ್ದೇ ಅರ್ಧ. ಆ ದುಡ್ಡಿನಲ್ಲಿ ಕಂಪನಿ ಮಹಡಿ ಇಳಿದು ತನ್ನ ಮೊದಲ ಕಟ್ಟಡ ಕಟ್ಟಿತು. ಮಾರಾಟದವರು ಹೊಟ್ಟೆಯುರಿಗೆ ‘ಬಂದ ನೋಡ್ರಪ್ಪ ಅರ್ಧಪ್ಪ’ ಎಂದು ಆಡಿಕೊಳ್ಳತೊಡಗಿದಾಗ ಅವರು ಪೇಂಟರನ್ನು ಕರೆಸಿ ಅರ್ಧ ಚಿಪ್‌ಗಳಿಗೆಂದೇ ಮೀಸಲಾದ ತಮ್ಮ ಕೋಣೆಯ ಬಾಗಿಲ ಮೇಲೆ ಆ ಹೆಸರನ್ನೇ ದಪ್ಪಕ್ಷರದಲ್ಲಿ ಬರೆಸಿದರು. ಮೂದಲಿಕೆಯನ್ನು ಬಾಗಿಲಿಗೆ ಹೊಡೆಸಿದ ಮೇಲೆ ಮೂದಲಿಸುವವರಿಗೆ ಇನ್ನೇನು ಉಳಿಯುತ್ತದೆ?

ಅವರ ಔದಾರ್ಯದ ಬಗ್ಗೆ ಈ ಗ್ರಂಥದಲ್ಲಿ ಬೇರೆಯವರು ಬರೆದಾರು. ಇಲ್ಲಿ ಒಂದೇ ಪ್ರಸಂಗ. ಎಡ ಗಟ್ಟಿ ಇರುವ ಚಿಪ್ಪನ್ನೂ ಬಲ ಗಟ್ಟಿ ಇರುವ ಚಿಪ್ಪನ್ನೂ ಒಂದೇ ಸರ್ಕ್ಯೂಟ್ ಹಲಗೆಗೆ ಕೂರಿಸಿದರೆ ಆ ಹಲಗೆ ಏನನ್ನೂ ನೆನಪಿಡುವುದಿಲ್ಲ. ಆದ್ದರಿಂದ ಕೋಣೆಯಲ್ಲಿ ಚಿಪ್ ಬೇರ್ಪಡಿಸುವ ಕೆಲಸದ ದೊಡ್ಡಕ್ಕ ಎಡದವನ್ನು ತನ್ನ ಎಡಗೈ ಕಡೆಯ ಡಬ್ಬಿಗೂ ಬಲದವನ್ನು ಬಲಗೈ ಕಡೆಯ ಡಬ್ಬಿಗೂ ಹಾಕುತ್ತಿದ್ದರು. ಒಂದು ಬೇಸಿಗೆ, ಸೆಕೆ ತಡೆಯಲಾರದೆ, ಫ್ಯಾನಿನ ಗಾಳಿ ಮುಖಕ್ಕೆ ಬರಲೆಂದು ಎಲ್ಲರೂ ಸೇರಿ ಮೇಜನ್ನು ಹಾಗೇ ಬಿಟ್ಟು ಕುರ್ಚಿಯನ್ನು ಆಚೆ ಬದಿಗೆ ಹಾಕಿದರು. ಡಬ್ಬಿಗಳು ಇದ್ದಲ್ಲೇ ಇದ್ದವು. ದೊಡ್ಡಕ್ಕನ ಎಡಗೈ ಬಲದ ಡಬ್ಬಿಯ ಕಡೆಗೆ ಬಂತು. ಕೈ ಮಾತ್ರ ತನ್ನ ಹಳೆಯ ಅಭ್ಯಾಸದಲ್ಲೇ ನಡೆಯಿತು. ಡಬ್ಬಿಗಳಲ್ಲಿ ಎರಡೂ ಬೆರೆತವು.

ತೂಕದ ಯಂತ್ರದವರು ಎದ್ದುಬಿದ್ದು ಓಡಿಬಂದರು. ಅವರ ತಕ್ಕಡಿಗಳು ಬಟಾಟೆಯ ತೂಕವನ್ನು ಈರುಳ್ಳಿ ಇಡುವಷ್ಟರಲ್ಲಿ ಮರೆಯುತ್ತಿದ್ದವಂತೆ.

‘ಯಾರು ಮಾಡಿದ್ದು?’ ಎಂದು ದೊಡ್ಡ ಯಜಮಾನರು ಕೋಣೆಗೇ ಬಂದು ಗುಡುಗಿದರು. ದೊಡ್ಡಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದರು. ಗಂಡನಿಲ್ಲದ ಮನೆ, ಓದುವ ಇಬ್ಬರು ಹೆಣ್ಣುಮಕ್ಕಳು.

‘ಮೇಜು’ ಎಂದರು ಅರ್ಧಪ್ಪನವರು.

‘ಏನಂದ್ರಿ?’

‘ಈ ಮೇಜು ಮಾಡಿದ್ದು. ಬೇಕಾದ್ರೆ ಇದನ್ನ ಕೆಲಸದಿಂದ ತೆಗೀರಿ.’

ದೊಡ್ಡ ಯಜಮಾನರು ಮೇಜನ್ನೇ ದುರುಗುಟ್ಟಿ ನೋಡಿ, ಕೊನೆಗೆ ನಗು ತಡೆಯಲಾರದೆ ಹೊರಟುಹೋದರಂತೆ. ಆಮೇಲೆ ಅರ್ಧಪ್ಪನವರು ದೊಡ್ಡಕ್ಕನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ವಾಪಸು ಬಂದ ಸರಕನ್ನೆಲ್ಲ ಒಂದೊಂದಾಗಿ ಮತ್ತೆ ಪರೀಕ್ಷಿಸಿದರು. ಎಡಕ್ಕೆ ಹಸಿರು ಚುಕ್ಕೆ, ಬಲಕ್ಕೆ ಹಳದಿ ಚುಕ್ಕೆ ಇಡುವ ಕ್ರಮ ಅಂದು ಶುರುವಾಯಿತು. ಒಂದು ಬೈಗುಳವೂ ಇಲ್ಲ. ‘ಬೈದಿದ್ರೆ ಅವತ್ತೇ ಬಿಟ್ಟುಹೋಗ್ತಿದ್ದೆ ಕಣ್ರೋ’ ಎಂದು ದೊಡ್ಡಕ್ಕ ಈಗಲೂ ಕೋಣೆಯ ಹುಡುಗರಿಗೆ ಹೇಳುತ್ತಾರೆ.

ಮೆಮೊರಿಯ ವ್ಯಾಪಾರದಲ್ಲಿ ಬೆಲೆ ಏರುವುದು ನಿಧಾನ, ಬೀಳುವುದು ದಿಢೀರ್. ಹಾಗೆ ಬಿದ್ದ ಒಂದು ಕಾಲದಲ್ಲಿ ಪೂರ್ತಿ ಚಿಪ್ಪನ್ನು ಕೇಳುವವರಿಲ್ಲದೆ ಈ ಕಂಪನಿಗಿಂತ ಎಷ್ಟೋ ದೊಡ್ಡ ಕಾರ್ಖಾನೆಗಳು ಬಾಗಿಲಿಗೆ ಹಲಗೆ ಹೊಡೆದವು. ತಕ್ಕಡಿಯವರೂ ಆಟಿಕೆಯವರೂ ಮಾತ್ರ ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಬೆಲೆ ಬಿದ್ದರೆ ತರಕಾರಿ ತೂಗುವುದು ನಿಲ್ಲುತ್ತದೆಯೇ? ಅರ್ಧದ ಕೋಣೆ ತಂದ ಅನ್ನವನ್ನೇ ಕಂಪನಿ ಉಂಡಿತು. ಕೆಟ್ಟ ಕಾಲ ಕಳೆದಾಗ ಎರಡನೆಯ ಕಟ್ಟಡ ಎದ್ದಿತು, ಆಮೇಲೆ ಬಿಲ್ಲೆಯನ್ನೂ ತಾನೇ ತಯಾರಿಸುವ ಮೂರನೆಯದು. ಬೆಳವಣಿಗೆಯ ಇತಿಹಾಸ ಎಂದರೆ ಇದು. ಹಿತ್ತಾಳೆಯಲ್ಲಿ ಬರೆದದ್ದು ಗೋಡೆಯ ಅಲಂಕಾರ.

ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಸಣ್ಣ ಯಜಮಾನರು ಬಂದರು. ಅರ್ಧದ ಕೋಣೆ ಅವರ ಕಣ್ಣಿಗೆ ಹಬ್ಬದ ಬಟ್ಟೆಯ ಮೇಲಿನ ತೇಪೆಯಂತೆ ಕಂಡಿತು. ಅರ್ಧ ಮಾರುವವರು ಎಂಬ ಹೆಸರಿದ್ದರೆ ದೊಡ್ಡ ಗಿರಾಕಿಗಳು ಹತ್ತಿರ ಸುಳಿಯುವುದಿಲ್ಲವಂತೆ. ಇನ್ನು ಮುಂದೆ ಅರ್ಧ ಚಿಪ್‌ಗಳನ್ನು ಪುಡಿ ಮಾಡುವುದು, ಕೋಣೆಯವರನ್ನು ಮನೆಗೆ ಕಳಿಸುವುದು ಎಂದು ತೀರ್ಮಾನವಾಯಿತು. ಅರ್ಧಪ್ಪನವರು ಸಭೆಸಭೆಗೂ ಎದ್ದು ಜಗಳವಾಡಿದರು. ‘ನಿಮ್ಮಪ್ಪ ನಿಮ್ಮನ್ನ ಓದಿಸಿದ್ದು ಯಾವ ಚಿಪ್ಪಿಂದ ಅಂದ್ಕೊಂಡಿದೀರಿ?’ ಎಂದು ಎಲ್ಲರೆದುರೇ ಕೇಳಿದರು. ಸಣ್ಣ ಯಜಮಾನರು ಅರ್ಧಪ್ಪನವರ ನಿವೃತ್ತಿಯ ದಿನವನ್ನೇ ಕೋಣೆ ಮುಚ್ಚುವ ದಿನವೆಂದು ಗೊತ್ತುಮಾಡಿದರು.

ಬೀಳ್ಕೊಡುಗೆ ನಡೆದದ್ದು ಕ್ಯಾಂಟೀನಿನಲ್ಲಿ. ಸಿಬ್ಬಂದಿ ಅಧಿಕಾರಿಗಳು ಮೈಕ್ ಹಿಡಿದು, ‘ಅರ್ಧ ಚಿಪ್‌ಗಳಂತೆಯೇ, ಅರ್ಧಕ್ಕೆ ಓದು ಬಿಟ್ಟವರಿಗೂ ಇವರು ಬಾಳು ಕೊಟ್ಟರು’ ಎಂದು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಎಂಟನೆಯ ತರಗತಿಗೆ ಶಾಲೆಗೆ ಬೆನ್ನು ತಿರುಗಿಸಿ ಅರ್ಧದ ಕೋಣೆ ಸೇರಿದವನೊಬ್ಬ, ಇದನ್ನು ಬರೆಯುತ್ತಿರುವವನೇ, ಹಿಂದಿನ ಬೆಂಚಿನಲ್ಲಿ ಹಲ್ಲು ಕಚ್ಚಿ ಕೂತಿದ್ದ. ಅವನು ಏಳುವ ಮೊದಲೇ ಅರ್ಧಪ್ಪನವರು ಎದ್ದರು.

‘ಒಂದ್ನಿಮಿಷ ಸ್ವಾಮಿ. ಅರ್ಧ ಇದ್ದದ್ದು ಚಿಪ್. ಇಲ್ಲಿ ಕೂತವರಲ್ಲಿ ಯಾರೂ ಅರ್ಧ ಅಲ್ಲ. ಇವರನ್ನ ಕರುಣೆಯಿಂದ ತಗೊಳ್ಳಲಿಲ್ಲ ನಾನು, ಕೆಲಸ ಬರುತ್ತೆ ಅಂತ ತಗೊಂಡೆ. ಆ ಚಪ್ಪಾಳೆ ವಾಪಸ್ ತಗೊಳ್ಳಿ.’

ಕೊಟ್ಟ ಚಪ್ಪಾಳೆಯನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಮೇಲಧಿಕಾರಿಗಳು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಸಣ್ಣ ಯಜಮಾನರೇ ಸಭೆಯನ್ನು ತಿಳಿಗೊಳಿಸಲೆಂದು ಮೈಕ್ ತೆಗೆದುಕೊಂಡು, ‘ಸರ್, ನಿಮ್ಮ ಸೇವೆಗೆ ಏನು ಕೊಟ್ಟರೂ ಕಡಿಮೆ. ನೀವೇ ಏನಾದ್ರೂ ಕೇಳಿ’ ಎಂದರು.

‘ಎಮ್ಮೆ ಕೊಡಿ.’

ಎಮ್ಮೆ ಎಂದರೆ ಕೋಣೆಯ ಹಳೆಯ ಪರೀಕ್ಷಾಯಂತ್ರ: ಕಪ್ಪು, ಬೀರುವಿನಷ್ಟು ಗಾತ್ರ, ದಿನವಿಡೀ ಗುಂಯ್ ಎನ್ನುವಂಥದ್ದು. ಹೊಸ ಯಂತ್ರಗಳಿಗೆ ಒಳ್ಳೆಯದು, ಕೆಟ್ಟದ್ದು ಎಂಬ ಎರಡೇ ಮಾತು ಗೊತ್ತು. ಯಾವ ಅರ್ಧ ಗಟ್ಟಿ ಎಂದು ಹೇಳಬಲ್ಲದ್ದು ಅದೊಂದೇ. ಮರುದಿನ ಗುಜರಿಗೆ ಹೋಗಲಿತ್ತು.

‘ಮನೇಲಿಟ್ಟು ಹಾಲು ಕರೀತೀರಾ ಸರ್?’ ಎಂದು ಸಣ್ಣ ಯಜಮಾನರು ಕೇಳಿದಾಗ ಕ್ಯಾಂಟೀನೆಲ್ಲ ನಕ್ಕಿತು.

‘ಕರೆಯೋಕೇ.’

‘ಕೊಟ್ಟೆ!’ ಎಂದರು ಸಣ್ಣ ಯಜಮಾನರು. ಮೈಕಿನಲ್ಲಿ ಹೇಳಿದ್ದನ್ನು ಇಡೀ ಕಂಪನಿ ಕೇಳಿಸಿಕೊಂಡಿತು.

ಲಾರಿ ಮನೆಮುಂದೆ ನಿಂತಾಗ ಅವರ ಮನೆಯವರು ಹೊಸ್ತಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು, ‘ರೀ, ನಿವೃತ್ತಿ ಅಂದ್ರೆ ನೀವು ಮನೆಗೆ ಬರ್ತೀರಿ ಅಂದ್ಕೊಂಡಿದ್ದೆ. ಕಾರ್ಖಾನೇನೇ ಬಂತಲ್ಲ!’ ಎಂದರು.

‘ಇಳಿಸ್ತಿಲ್ಲ ಕಣೇ. ಊಟ ತಗೊಂಡು ಹೋಗೋಕೆ ಬಂದೆ’ ಎಂದು ಇವರು ಊಟದ ಡಬ್ಬಿ ಹಾಕಿಸಿಕೊಂಡು ಮತ್ತೆ ಲಾರಿ ಹತ್ತಿದರು.

ಲಾರಿ ನಿಂತದ್ದು ಬೇಕರಿಯ ಹಿಂದಿನ ಗೋದಾಮಿನ ಮುಂದೆ. ಅದನ್ನು ಅವರು ಮೊದಲೇ ಬಾಡಿಗೆಗೆ ಹಿಡಿದಿದ್ದರು. ಬೇರೆ ಚಿಪ್ ಕಾರ್ಖಾನೆಗಳೂ ಅರ್ಧ ಸತ್ತವನ್ನು ಕಸಕ್ಕೇ ಹಾಕುತ್ತವೆ. ಅಲ್ಲಿನ ಹಳೆಯ ಸ್ನೇಹಿತರು ಆ ಕಸವನ್ನು ಇವರಿಗೆ ಮಾರಲು ಒಪ್ಪಿದ್ದರು. ಮನೆಗೆ ಕಳಿಸಲ್ಪಟ್ಟ ಕೋಣೆಯವರು ಒಬ್ಬೊಬ್ಬರಾಗಿ ಬಂದರು. ದೊಡ್ಡಕ್ಕ ಬಂದವರೇ, ‘ಈ ಸಲ ಫ್ಯಾನ್ ಎಲ್ಲಿ ಬೇಕು ಅಂತ ನಾನೇ ಹೇಳ್ತೀನಿ’ ಎಂದರು.

ಸುದ್ದಿ ತಿಳಿದು ಸಿಬ್ಬಂದಿ ಅಧಿಕಾರಿಗಳು ಕಾರಿನಲ್ಲಿ ಬಂದಿಳಿದರು. ‘ಸರ್, ಅದು ಗೌರವಕ್ಕೆ ಕೊಟ್ಟದ್ದು, ಕೆಲಸಕ್ಕಲ್ಲ. ಯಜಮಾನರು ವಾಪಸ್ ಕೇಳ್ತಿದಾರೆ.’

‘ನನಗೆ ಗೌರವ, ಕೆಲಸ ಎರಡೂ ಒಂದೇ. ಕೊಟ್ಟ ಎಮ್ಮೆಯ ಹಗ್ಗ ಹಿಡ್ಕೊಂಡು ಹಿಂದೆ ಬರಬಾರದು ಅಂತ ಹೇಳಿ ಅವರಿಗೆ’ ಎಂದು ಅರ್ಧಪ್ಪನವರು ಸ್ವಿಚ್ ಒತ್ತಿದರು. ಗುಂಯ್ ಎಂಬ ಸದ್ದಿನಲ್ಲಿ ಅಧಿಕಾರಿಗಳ ಉಳಿದ ಮಾತು ಕೇಳಿಸಲಿಲ್ಲ.

ಹಿರಿಯರಿಗೆ ದೀರ್ಘಾಯುಷ್ಯ ಕೋರಿ ಲೇಖನ ಮುಗಿಸಬೇಕು. ವಿಶ್ರಾಂತ ಜೀವನ ಸುಖಕರವಾಗಿರಲಿ ಎಂದು ಬರೆಯಲು ಸಂಪಾದಕರು ಹೇಳಿದ್ದರು. ವಿಶ್ರಾಂತಿಯೇ ಇಲ್ಲವಾದ್ದರಿಂದ ಅದನ್ನು ಬರೆಯಲಾಗದು. ಅವರು ನಿನ್ನೆಯೂ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ತಡವಾಗಿ ಬಂದವರಿಗೆಲ್ಲ ಮುಖಕ್ಕೆ ಮಂಗಳಾರತಿ ಎತ್ತಿದರು. ಕೋಣೆಯವರ ಹಾರೈಕೆ ಇಷ್ಟೇ: ಚಿಪ್ಪಿನ ಬೆಲೆ ಮತ್ತೆ ಬೀಳುವ ಕಾಲ ಬರುತ್ತದೆ, ಬಾರದೆ ಇರುವುದಿಲ್ಲ. ಅಂದು ಪೂರ್ತಿ ಚಿಪ್ ಕೇಳುವವರಿಲ್ಲದೆ ಮೂರು ಕಟ್ಟಡದವರು ಮಾರಲು ಅರ್ಧ ಚಿಪ್ ಹುಡುಕಿಕೊಂಡು ಬೇಕರಿಯ ಹಿಂದಿನ ಓಣಿಗೆ ಬಂದಾಗ ಬಾಗಿಲು ತೆರೆಯುವಷ್ಟು ಗಟ್ಟಿಮುಟ್ಟಾಗಿ ಅರ್ಧಪ್ಪನವರು ಬಾಳಲಿ. ಬಂದವರಿಗೆ ಇಲ್ಲ ಎನ್ನುವುದಿಲ್ಲ. ಮುಂದೆ ತಕ್ಕಡಿಯವರಿದ್ದಾರೆ, ಆಟಿಕೆಯವರಿದ್ದಾರೆ; ಸರದಿಯಲ್ಲಿ ನಿಲ್ಲಲಿ.